ಮಗುವಿಗೆ ದೀಕ್ಷಾಸ್ನಾನ ಕೊಡಬೇಕೇ? 1,800 ವರ್ಷ ಹಳೆಯ ಒಂದು ವಾದ

ದೀಕ್ಷಾಸ್ನಾನ ಅಂದರೆ ಬ್ಯಾಪ್ಟಿಸಂ, ನೀರಿನಿಂದ ಕ್ರೈಸ್ತ ಸಭೆಗೆ ಸೇರಿಸಿಕೊಳ್ಳುವ ಕ್ರಮ. ಅದನ್ನು ಮಗುವಿಗೂ ಕೊಡಬೇಕೇ? ಕರ್ನಾಟಕದ ಪ್ರೊಟೆಸ್ಟೆಂಟ್ ಮನೆಗಳಲ್ಲಿ ಈ ಪ್ರಶ್ನೆ ಹೆಚ್ಚಾಗಿ ಏಳುವುದು ಮದುವೆ ಮಾತುಕತೆಯ ಹೊತ್ತಿಗೆ. ಹುಡುಗ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವನು. ಹುಟ್ಟಿ ಕೆಲವು ತಿಂಗಳಿಗೇ ಅಯ್ಯನವರು ಅವನ ತಲೆಗೆ ನೀರು ಹಾಕಿದ್ದಾರೆ. ಹುಡುಗಿ ಪೆಂತೆಕೋಸ್ತು ಸಭೆಯವಳು. ತಿಳಿವಳಿಕೆ ಬಂದ ಮೇಲೆ ತಾನೇ ಕೇಳಿಕೊಂಡು, ನೀರಲ್ಲಿ ಪೂರ್ತಿ ಮುಳುಗಿ ಎದ್ದವಳು. ‘ಹುಡುಗನಿಗೆ ದೀಕ್ಷಾಸ್ನಾನ ಆಗಿದೆಯಾ?’ ಅಂತ ಅವಳ ಕಡೆಯವರು ಕೇಳುತ್ತಾರೆ. ‘ಆಗಿದೆಯಲ್ಲ, ಮಗುವಾಗಿದ್ದಾಗಲೇ’ ಅಂತ ಇವರು. ‘ಅದು ಲೆಕ್ಕಕ್ಕೆ ಬರಲ್ಲ’ ಅಂತ ಅವರು.

ಆ ಕೊನೆಯ ಮಾತು ಚುಚ್ಚುತ್ತದೆ. ಅಪ್ಪ ಅಮ್ಮ ಸಭೆಯ ಮುಂದೆ ನಿಂತು ಕೊಟ್ಟ ಮಾತು, ಅಜ್ಜಿ ಮಾಡಿದ ಪ್ರಾರ್ಥನೆ ಎಲ್ಲವೂ ಒಂದೇ ಏಟಿಗೆ ಸುಳ್ಳಾದ ಹಾಗೆ. ಆದರೆ ಹಾಗೆ ಹೇಳುವವರೂ ಹಟಕ್ಕೆ ಹೇಳುವುದಿಲ್ಲ. ಅವರ ಹಿಂದೆಯೂ ಉದ್ದದ ಚರಿತ್ರೆಯಿದೆ, ಅದರಲ್ಲಿ ಪ್ರಾಣ ಕೊಟ್ಟವರಿದ್ದಾರೆ. ಮೂಲ ಪದ್ಧತಿ ನಮ್ಮದೇ ಅಂತ ಎರಡೂ ಕಡೆಯವರು ಹೇಳುತ್ತಾರೆ. ಚರಿತ್ರೆ ನೋಡಿದರೆ ಯಾರಿಗೂ ಅಷ್ಟು ಸುಲಭದ ಗೆಲುವು ಸಿಗುವುದಿಲ್ಲ.

ಮೊದಲು ಬೈಬಲ್. ‘ಕೂಸಿಗೆ ದೀಕ್ಷಾಸ್ನಾನ ಕೊಡಿ’ ಅಂತ ಹೊಸ ಒಡಂಬಡಿಕೆಯಲ್ಲಿ ಎಲ್ಲೂ ಇಲ್ಲ. ‘ಕೊಡಬೇಡಿ’ ಅಂತಲೂ ಇಲ್ಲ. ಅಪೊಸ್ತಲರ ಕೃತ್ಯಗಳಲ್ಲಿ ಹೆಚ್ಚಾಗಿ ಕಾಣುವುದು ಸುವಾರ್ತೆ ಕೇಳಿ, ನಂಬಿ, ನೀರಿಗೆ ಇಳಿದ ದೊಡ್ಡವರು. ಆದರೆ ಅದೇ ಪುಸ್ತಕದ 16ನೇ ಅಧ್ಯಾಯದಲ್ಲಿ ಫಿಲಿಪ್ಪಿಯ ಲುದ್ಯಳಿಗೂ ಅವಳ ಮನೆಯವರಿಗೂ ದೀಕ್ಷಾಸ್ನಾನ ಆಗುತ್ತದೆ. ಆಮೇಲೆ ಸೆರೆಮನೆಯ ಯಜಮಾನನಿಗೆ, ಅವನ ಮನೆಯವರೆಲ್ಲರಿಗೆ. ಕೊರಿಂಥದ ಸ್ತೆಫನನ ಮನೆಯವರಿಗೆ ತಾನೇ ದೀಕ್ಷಾಸ್ನಾನ ಮಾಡಿಸಿದ್ದಾಗಿ ಪೌಲನು ಬರೆಯುತ್ತಾನೆ. ಆ ಮನೆಗಳಲ್ಲಿ ಕೈಗೂಸು ಇತ್ತೇ? ‘ಮನೆಯವರು’ ಅಂದರೆ ಮಕ್ಕಳೂ ಸೇರಿಯೇ ಅಂತ ಜರ್ಮನಿಯ ವಿದ್ವಾಂಸ ಯೋಆಕಿಮ್ ಯೆರೆಮಿಯಾಸ್ 1958ರಲ್ಲಿ ವಾದಿಸಿದರು. 1961ರಲ್ಲಿ ಕುರ್ಟ್ ಆಲಂಡ್ ಅದಕ್ಕೆ ಉತ್ತರ ಕೊಟ್ಟರು. ಕೂಸುಗಳ ದೀಕ್ಷಾಸ್ನಾನಕ್ಕೆ ಗಟ್ಟಿ ಸಾಕ್ಷಿ ಸಿಗುವುದು ಕ್ರಿ.ಶ. 200ರ ಆಚೀಚೆಯಿಂದ ಮಾತ್ರ ಅಂದರು. ಲಭ್ಯ ಇರುವ ವಚನಗಳು ಅವೇ. ಇನ್ನೂ ನೂರು ವರ್ಷ ಓದಿದರೂ ಆ ಮನೆಗಳ ತೊಟ್ಟಿಲು ನಮಗೆ ಕಾಣುವುದಿಲ್ಲ.

ಆ ಮೊದಲ ಗಟ್ಟಿ ಸಾಕ್ಷಿ ಬರುವುದು ಉತ್ತರ ಆಫ್ರಿಕಾದ ಕಾರ್ತೇಜ್ ಪಟ್ಟಣದಿಂದ. ವಿಚಿತ್ರ ಅಂದರೆ, ಅದು ಬೇಡ ಅನ್ನುವವರ ಬಾಯಿಂದ. ಸುಮಾರು 200ರಲ್ಲಿ ತೆರ್ತುಲಿಯನ್ ಅನ್ನುವ ಲೇಖಕರು ದೀಕ್ಷಾಸ್ನಾನದ ಬಗ್ಗೆ ಬರೆಯುತ್ತಾ, ಚಿಕ್ಕ ಮಕ್ಕಳಿಗೆ ಯಾಕಿಷ್ಟು ಅವಸರ ಅಂತ ಕೇಳುತ್ತಾರೆ. ಕ್ರಿಸ್ತನನ್ನು ತಿಳಿಯುವ ವಯಸ್ಸಾಗಲಿ, ಆಗ ಬರಲಿ. ಏನೂ ಅರಿಯದ ವಯಸ್ಸಿಗೆ ಪಾಪಕ್ಷಮೆಯ ತುರ್ತು ಏನಿದೆ? ಮಗುವಿನ ಪರವಾಗಿ ಮಾತು ಕೊಡುವ ಹಿರಿಯರ ಚಿಂತೆಯೂ ಅವರಿಗಿತ್ತು. ಅವರು ಸತ್ತರೆ? ಮಗು ದಾರಿ ತಪ್ಪಿದರೆ? ಬೇಡ ಅಂತ ಒಬ್ಬರು ಇಷ್ಟು ಒತ್ತಿ ಹೇಳಬೇಕಾದರೆ, ಊರಲ್ಲಿ ಆ ರೂಢಿ ಆಗಲೇ ಇತ್ತು ಅಂತಲೇ ಅಲ್ವಾ? ಹಾಗಾಗಿ ಇವತ್ತಿಗೂ ಎರಡೂ ಕಡೆಯವರು ತೆರ್ತುಲಿಯನ್‌ರನ್ನೇ ಸಾಕ್ಷಿಗೆ ಕರೆಯುತ್ತಾರೆ.

ಐವತ್ತು ವರ್ಷದಲ್ಲಿ ಅದೇ ಕಾರ್ತೇಜಿನ ಗಾಳಿ ಬದಲಾಗಿತ್ತು. ಸುಮಾರು 253ರಲ್ಲಿ ಫೀದಸ್ ಎಂಬ ಬಿಷಪ್ ಒಂದು ಪ್ರಶ್ನೆ ಕಳಿಸಿದರು. ಯೆಹೂದ್ಯರ ಸುನ್ನತಿಯ ಹಾಗೆ ದೀಕ್ಷಾಸ್ನಾನಕ್ಕೂ ಎಂಟನೇ ದಿನದವರೆಗೆ ಕಾಯಬೇಕಲ್ಲವೇ? ಈಗ ತಾನೇ ಹುಟ್ಟಿದ ಕೂಸಿಗೆ ಮುತ್ತಿಡಲು ಜನ ಹಿಂಜರಿಯುತ್ತಾರೆ ಅಂತಲೂ ಸೇರಿಸಿದ್ದರು. ಕಾರ್ತೇಜಿನ ಬಿಷಪ್ ಸಿಪ್ರಿಯನ್, 66 ಬಿಷಪ್‌ಗಳ ಸಭೆಯ ಪರವಾಗಿ ಉತ್ತರ ಬರೆದರು. ಎಂಟು ದಿನವೂ ಬೇಡ, ಯಾರಿಗೂ ಕೃಪೆಯನ್ನು ತಡೆಯಬಾರದು. ಇನ್ನು ಮುತ್ತಿನ ಮಾತಿಗೆ, ಹುಟ್ಟಿದ ಕೂಸಿಗೆ ಮುತ್ತಿಡುವಾಗ ಅದನ್ನು ಈಗಷ್ಟೇ ರೂಪಿಸಿದ ದೇವರ ಕೈಗಳನ್ನು ನೆನೆಯಬೇಕು ಅಂದರು. ಈ ವಾದದ ಇಡೀ ಚರಿತ್ರೆಯಲ್ಲಿ ನನಗೆ ಜಾಸ್ತಿ ಇಷ್ಟವಾದ ಉತ್ತರ ಇದು. ತರ್ಕದಲ್ಲಿ ಸೋತರೂ ಗೆದ್ದರೂ, ಆ ಬಿಷಪ್ ಕೂಸನ್ನು ಪ್ರೀತಿಯಿಂದ ನೋಡಿದ್ದಾರೆ.

ಮನಸ್ಸು ಬದಲಾದದ್ದು ಯಾಕೆ? ಶಾಸ್ತ್ರಕ್ಕಿಂತ ಸಾವು ದೊಡ್ಡ ಕಾರಣ ಅನ್ನಿಸುತ್ತದೆ. ರೋಮಿನ ನೆಲಮಾಳಿಗೆ ಸಮಾಧಿಗಳಲ್ಲಿ ಒಂದು ಮಗುವಿನ ಕಲ್ಲು ಸಿಕ್ಕಿದೆ. ಹೆಸರು ಅಪ್ರೋನಿಯಾನಸ್. ಬದುಕಿದ್ದು 1 ವರ್ಷ, 9 ತಿಂಗಳು, 5 ದಿನ. ಮಗು ಉಳಿಯುವುದಿಲ್ಲ ಅಂತ ಗೊತ್ತಾದಾಗ, ಅವನು ವಿಶ್ವಾಸಿಯಾಗಿಯೇ ಲೋಕ ಬಿಟ್ಟು ಹೋಗಲಿ ಅಂತ ಅಜ್ಜಿ ಸಭೆಯನ್ನು ಕೇಳಿಕೊಂಡಳು ಎಂದು ಕಲ್ಲಿನಲ್ಲಿ ಕೊರೆದಿದೆ. ಮಕ್ಕಳು ಹೀಗೆ ಕೈಯಿಂದ ಜಾರುತ್ತಿದ್ದ ಕಾಲದಲ್ಲಿ, ತಿಳಿವಳಿಕೆ ಬರಲಿ ಕಾಯೋಣ ಅನ್ನಲು ಯಾವ ಅಜ್ಜಿಗೆ ಧೈರ್ಯ ಬಂದೀತು?

ಹಾಗಂತ ಎಲ್ಲರೂ ಮಕ್ಕಳಿಗೆ ಕೊಡಿಸುತ್ತಿದ್ದರು ಅಂದುಕೊಳ್ಳಬೇಡಿ. ನಾಲ್ಕನೇ ಶತಮಾನದಲ್ಲಿ ತಡ ಮಾಡುವುದೇ ರೂಢಿಯಾಯಿತು. ದೀಕ್ಷಾಸ್ನಾನ ಹಿಂದಿನ ಪಾಪವನ್ನೆಲ್ಲ ತೊಳೆಯುತ್ತದೆ, ಆಮೇಲೆ ಮಾಡಿದ ದೊಡ್ಡ ಪಾಪಕ್ಕೆ ಕ್ಷಮೆ ಸಿಗುವುದು ಬಲು ಕಷ್ಟ ಎಂಬ ಭಯ. ಕಾನ್‌ಸ್ಟಂಟೈನ್ ಚಕ್ರವರ್ತಿ ದೀಕ್ಷಾಸ್ನಾನ ಪಡೆದದ್ದು 337ರಲ್ಲಿ, ಸಾಯುವ ಹಾಸಿಗೆಯಲ್ಲಿ. ಮಿಲಾನಿನ ಆಂಬ್ರೋಸ್ 374ರಲ್ಲಿ ಬಿಷಪ್ ಆಗಿ ಆಯ್ಕೆಯಾದಾಗ ಅವರಿಗೆ ಇನ್ನೂ ದೀಕ್ಷಾಸ್ನಾನವೇ ಆಗಿರಲಿಲ್ಲ! ಗ್ರೆಗರಿ ನಾಜಿಯಾಂಜಸ್ ಎಂಬ ಗ್ರೀಕ್ ಬಿಷಪ್ ನಡುವಿನ ದಾರಿ ಹೇಳಿದರು. ಪ್ರಾಣಕ್ಕೆ ಅಪಾಯವಿದ್ದರೆ ತಕ್ಷಣ ಕೊಡಿ, ಇಲ್ಲದಿದ್ದರೆ ಮೂರು ವರ್ಷದ ತನಕ ಕಾಯಿರಿ, ಒಂದೆರಡು ಮಾತಾದರೂ ಮಗುವಿಗೆ ಅರ್ಥವಾಗಲಿ ಅಂದರು.

ಈ ತಡಮಾಡುವ ರೂಢಿಯಲ್ಲೇ ಬೆಳೆದವರು ಆಗಸ್ಟೀನ್. ಹುಟ್ಟಿದ್ದು 354ರಲ್ಲಿ, ತಾಯಿ ಮೋನಿಕ ಭಕ್ತೆ. ಹುಡುಗನಿದ್ದಾಗ ಹೊಟ್ಟೆನೋವು ಬಂದು ಸಾಯುವ ಹಾಗಾಯಿತು, ತಾನೇ ದೀಕ್ಷಾಸ್ನಾನ ಬೇಡಿದ. ತಾಯಿ ಅವಸರದಲ್ಲಿ ಏರ್ಪಾಡು ಮಾಡುತ್ತಿದ್ದಂತೆ ಗುಣವಾಯಿತು, ದೀಕ್ಷಾಸ್ನಾನ ಮುಂದಕ್ಕೆ ಹೋಯಿತು. ‘ಬಿಡು, ಏನು ಬೇಕಾದರೂ ಮಾಡಲಿ, ಇನ್ನೂ ದೀಕ್ಷಾಸ್ನಾನ ಆಗಿಲ್ಲವಲ್ಲ’ ಅಂತ ಜನ ಆಡುತ್ತಿದ್ದ ಮಾತನ್ನು ಅವರು ಮುಂದೆ ಬೇಸರದಿಂದ ನೆನೆದರು. ಕೊನೆಗೆ 387ರ ಈಸ್ಟರ್‌ನಲ್ಲಿ, 32ನೇ ವಯಸ್ಸಿನಲ್ಲಿ, ಮಗ ಅಡಿಯೊಡೇಟಸ್‌ನ ಜೊತೆಗೇ ಆಂಬ್ರೋಸರ ಕೈಯಿಂದ ದೀಕ್ಷಾಸ್ನಾನ ಪಡೆದರು.

ಹೀಗೆ ದೊಡ್ಡವರಾಗಿ ನೀರಿಗಿಳಿದ ಆಗಸ್ಟೀನರೇ ಕೂಸುಗಳ ದೀಕ್ಷಾಸ್ನಾನಕ್ಕೆ ಅತಿ ಗಟ್ಟಿ ಅಡಿಪಾಯ ಹಾಕಿದರು. ಮನುಷ್ಯ ಪಾಪವಿಲ್ಲದೆ ಹುಟ್ಟುತ್ತಾನೆ ಅಂತ ಪೆಲೇಜಿಯಸ್ ಮತ್ತವರ ಜೊತೆಯವರು ಕಲಿಸಿದಾಗ, ಆಗಸ್ಟೀನ್ ಕೇಳಿದ್ದು ಇಷ್ಟೇ. ದೀಕ್ಷಾಸ್ನಾನ ಪಾಪಕ್ಷಮೆಗಾಗಿ. ಸಭೆ ಅದನ್ನು ಕೂಸಿಗೂ ಕೊಡುತ್ತದೆ. ಹಾಗಾದರೆ ಕೂಸಿಗೂ ಆದಾಮನಿಂದ ಬಂದ ಪಾಪ ಇರಲೇಬೇಕು. ರೂಢಿ ಮೊದಲು, ಅದರಿಂದ ಹೊರಟ ಸಿದ್ಧಾಂತ ಆಮೇಲೆ. 418ರಲ್ಲಿ ಕಾರ್ತೇಜಿನಲ್ಲಿ ಸೇರಿದ ಬಿಷಪ್‌ಗಳು, ಹುಟ್ಟಿದ ಕೂಸಿಗೆ ದೀಕ್ಷಾಸ್ನಾನ ಬೇಡ ಅನ್ನುವವರನ್ನು ಶಾಪಗ್ರಸ್ತರೆಂದು ಸಾರಿದರು. ದೀಕ್ಷಾಸ್ನಾನವಿಲ್ಲದೆ ಸತ್ತ ಕೂಸಿಗೆ ರಕ್ಷಣೆ ಇಲ್ಲ ಎಂಬ ಭಯ ತಾಯಂದಿರ ಎದೆಯಲ್ಲಿ ನೂರಾರು ವರ್ಷ ಉಳಿಯಿತು. ನನ್ನ ಮಟ್ಟಿಗೆ ಇದು ಈ ಕಥೆಯ ಅತಿ ಭಾರವಾದ ಭಾಗ. ಅಂಥ ಕೂಸುಗಳಿಗೂ ರಕ್ಷಣೆಯ ನಿರೀಕ್ಷೆ ಇಡಲು ಕಾರಣಗಳಿವೆ ಅಂತ ಕಥೋಲಿಕ ಸಭೆಯ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗ ಬರೆದದ್ದು 2007ರಲ್ಲಿ.

ಮುಂದಿನ ಸಾವಿರ ವರ್ಷ ಯುರೋಪಿನಲ್ಲಿ ಇದು ಪ್ರಶ್ನೆಯಾಗಿ ಉಳಿದದ್ದು ಕಡಿಮೆ. ಹುಟ್ಟಿದವರೆಲ್ಲ ಕ್ರೈಸ್ತರು, ಊರೇ ಸಭೆ. ಎಂಟನೇ ಶತಮಾನದ ಕೊನೆಗೆ ಶಾರ್ಲಮೇನ್ ದೊರೆ ಸ್ಯಾಕ್ಸನರನ್ನು ಗೆದ್ದಾಗ, ವರ್ಷದೊಳಗೆ ಮಗುವಿಗೆ ದೀಕ್ಷಾಸ್ನಾನ ಕೊಡಿಸದಿದ್ದರೆ ದಂಡ ಅಂತ ಕಾನೂನು ಮಾಡಿದ್ದ. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಬೇರೆ ರೀತಿಯಲ್ಲಿ ನೇರವಾಗಿದ್ದವು. ಅಲ್ಲಿ ಕೂಸಿಗೆ ದೀಕ್ಷಾಸ್ನಾನ, ತೈಲಾಭಿಷೇಕ, ಪ್ರಭುಭೋಜನ ಮೂರೂ ಒಟ್ಟಿಗೆ ಸಿಗುತ್ತವೆ. ಬೆಂಗಳೂರಿನ ಮಲಯಾಳಿ ಆರ್ಥೊಡಾಕ್ಸ್ ಕುಟುಂಬಗಳಲ್ಲಿ ಇವತ್ತಿಗೂ ಹಾಗೆಯೇ.

ಪ್ರಶ್ನೆ ಮತ್ತೆ ಸಿಡಿದದ್ದು ಸ್ವಿಟ್ಜರ್‌ಲೆಂಡಿನ ಜ್ಯೂರಿಚ್‌ನಲ್ಲಿ. ಅಲ್ಲಿನ ಸುಧಾರಕ ಜ್ವಿಂಗ್ಲಿ ಬೈಬಲೇ ಅಳತೆಗೋಲು ಅಂದಿದ್ದರು. ಅವರ ಕಿರಿಯ ಗೆಳೆಯರಾದ ಕಾನ್ರಾಡ್ ಗ್ರೆಬೆಲ್, ಫೆಲಿಕ್ಸ್ ಮಾನ್ಜ್ ಅದೇ ಅಳತೆಗೋಲು ಹಿಡಿದು, ಕೂಸುಗಳ ದೀಕ್ಷಾಸ್ನಾನ ಅದರಲ್ಲಿ ಎಲ್ಲಿದೆ ಅಂತ ಕೇಳಿದರು. ಗ್ರೆಬೆಲ್‌ಗೆ ಇದು ಪುಸ್ತಕದ ಪ್ರಶ್ನೆಯಾಗಿರಲಿಲ್ಲ. 1525ರ ಜನವರಿಯಲ್ಲಿ ಅವರ ಮನೆಯಲ್ಲಿ ಹೆಣ್ಣು ಮಗು ಹುಟ್ಟಿತ್ತು, ದೀಕ್ಷಾಸ್ನಾನ ಕೊಡಿಸಿರಲಿಲ್ಲ. ಅದೇ ತಿಂಗಳು ನಗರಸಭೆ ಆಜ್ಞೆ ಮಾಡಿತು: ಎಂಟು ದಿನದಲ್ಲಿ ಮಕ್ಕಳಿಗೆ ದೀಕ್ಷಾಸ್ನಾನ ಕೊಡಿಸಿ, ಇಲ್ಲವೇ ಊರು ಬಿಡಿ. ಜನವರಿ 21ರ ರಾತ್ರಿ ಆ ಗುಂಪು ಸೇರಿ ಪ್ರಾರ್ಥಿಸಿತು. ಜಾರ್ಜ್ ಬ್ಲೌರಾಕ್ ಎಂಬ ಮಾಜಿ ಪಾದ್ರಿ ಗ್ರೆಬೆಲ್ ಕೈಯಿಂದ ದೀಕ್ಷಾಸ್ನಾನ ಪಡೆದರು, ಆಮೇಲೆ ಉಳಿದವರಿಗೆ ಅವರೇ ಕೊಟ್ಟರು. ವಿರೋಧಿಗಳು ಅವರನ್ನು ‘ಮತ್ತೆ ದೀಕ್ಷಾಸ್ನಾನ ಮಾಡುವವರು’ ಎಂಬ ಅರ್ಥದಲ್ಲಿ ಅನಾಬ್ಯಾಪ್ಟಿಸ್ಟರು ಅಂದರು. ಅವರಂತೂ ಆ ಹೆಸರು ಒಪ್ಪಲಿಲ್ಲ. ಮೊದಲನೆಯದು ದೀಕ್ಷಾಸ್ನಾನವೇ ಅಲ್ಲ ಅಂದಮೇಲೆ ಎರಡನೆಯದು ಎಲ್ಲಿಂದ ಬಂತು ಅಂತ ಅವರ ಪ್ರಶ್ನೆ.

ನಗರಸಭೆ ಹೆದರಿದ್ದು ಯಾಕೆ ಅಂತ ಯೋಚಿಸಬೇಕು. ಹುಟ್ಟಿದವರೆಲ್ಲ ಸಭೆಯವರು, ಸಭೆಯವರೆಲ್ಲ ಊರಿನವರು ಎಂಬ ಕಟ್ಟು ಅಲ್ಲಿತ್ತು. ಇಷ್ಟಪಟ್ಟವರು ಮಾತ್ರ ಸಭೆ ಅಂದರೆ ಆ ಕಟ್ಟೇ ಬಿಚ್ಚಿಹೋಗುತ್ತದೆ. 1527ರ ಜನವರಿ 5ರಂದು ಮಾನ್ಜ್‌ರ ಕೈಕಾಲು ಕಟ್ಟಿ ಲಿಮ್ಮಾತ್ ನದಿಯಲ್ಲಿ ಮುಳುಗಿಸಿದರು. ನೀರಿನ ವಿಷಯದ ತಪ್ಪಿಗೆ ನೀರಿನದೇ ಶಿಕ್ಷೆ. ಆ ಕ್ರೌರ್ಯ ಓದಿದರೆ ಇವತ್ತಿಗೂ ಮೈ ಉರಿಯುತ್ತದೆ. 1529ರಲ್ಲಿ ಜರ್ಮನಿಯ ಸ್ಪೈಯರ್‌ನಲ್ಲಿ ಸೇರಿದ ಸಾಮ್ರಾಜ್ಯದ ಆಳುವವರ ಸಭೆ, ಮತ್ತೆ ದೀಕ್ಷಾಸ್ನಾನ ಮಾಡುವುದಕ್ಕೆ ಮರಣದಂಡನೆಯನ್ನು ಎಲ್ಲೆಡೆಯ ಕಾನೂನು ಮಾಡಿತು. ಇದನ್ನು ಮಾಡಿದವರಲ್ಲಿ ಕಥೋಲಿಕರೂ ಇದ್ದರು, ಪ್ರೊಟೆಸ್ಟೆಂಟರೂ ಇದ್ದರು. ಜ್ಯೂರಿಚ್‌ನ ರಿಫಾರ್ಮ್ಡ್ ಸಭೆ (ಜ್ವಿಂಗ್ಲಿ, ಕ್ಯಾಲ್ವಿನ್‌ರ ಧಾರೆಯದು) 2004ರಲ್ಲಿ, ಲೂಥರನ್ ಸಭೆಗಳ ವಿಶ್ವ ಒಕ್ಕೂಟ 2010ರಲ್ಲಿ ಅನಾಬ್ಯಾಪ್ಟಿಸ್ಟರ ವಾರಸುದಾರರ ಕ್ಷಮೆ ಕೇಳಿದವು.

ಪ್ರೊಟೆಸ್ಟೆಂಟ್ ಸುಧಾರಕರಾದ ಲೂಥರ್, ಜ್ವಿಂಗ್ಲಿ, ಕ್ಯಾಲ್ವಿನ್ ಮೂವರೂ ಕೂಸುಗಳ ದೀಕ್ಷಾಸ್ನಾನ ಬಿಡಲಿಲ್ಲ. ದೇವರು ಅಬ್ರಹಾಮನ ಜೊತೆ ಒಡಂಬಡಿಕೆ ಮಾಡಿದಾಗ ಮಕ್ಕಳನ್ನೂ ಸೇರಿಸಿಕೊಂಡ, ಸುನ್ನತಿ ಅದರ ಗುರುತು, ಈಗ ಆ ಜಾಗದಲ್ಲಿ ದೀಕ್ಷಾಸ್ನಾನ ಇದೆ ಅಂತ ಕ್ಯಾಲ್ವಿನ್ ವಾದಿಸಿದರು. ಆದರೆ ಅನಾಬ್ಯಾಪ್ಟಿಸ್ಟರ ಪ್ರಶ್ನೆ ಒಳಗೊಳಗೇ ನಾಟಿತ್ತು. ಜರ್ಮನಿಯ ಹೆಸ್ಸೆ ಪ್ರಾಂತ್ಯದಲ್ಲಿ ಅವರನ್ನು ಒಲಿಸಿಕೊಳ್ಳಲು ಹೋದ ಸುಧಾರಕ ಮಾರ್ಟಿನ್ ಬೂಸರ್ 1539ರ ಹೊತ್ತಿಗೆ ಹೊಸ ಏರ್ಪಾಡು ತಂದರು. ಮಕ್ಕಳು ಪಾಠ ಕಲಿತು, ಸಭೆಯ ಮುಂದೆ ತಮ್ಮ ಬಾಯಿಂದಲೇ ನಂಬಿಕೆ ಹೇಳಬೇಕು. ಇವತ್ತು ನಮ್ಮ ಸಿಎಸ್‌ಐ ಮಕ್ಕಳು ಹದಿಹರೆಯದಲ್ಲಿ ಕನ್ಫರ್ಮೇಶನ್ ತರಗತಿಗೆ ಹೋಗುತ್ತಾರಲ್ಲ, ಅದರ ಬೇರಿನಲ್ಲಿ ಎದುರಾಳಿಗಳ ಕಾಣಿಕೆಯೂ ಇದೆ. ಆ ಕಡೆ, ತಾವೇ ನಂಬಿ ಬಂದವರಿಗೆ ಮಾತ್ರ ದೀಕ್ಷಾಸ್ನಾನ ಕೊಡುವ ಬ್ಯಾಪ್ಟಿಸ್ಟ್, ಪೆಂತೆಕೋಸ್ತು ಸಭೆಗಳು ಕೂಸನ್ನು ಸುಮ್ನೆ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ದೇವರ ಮುಂದೆ ತಂದು, ಪ್ರಾರ್ಥಿಸಿ, ಸಮರ್ಪಿಸುತ್ತಾರೆ.

ಭಾರತಕ್ಕೆ ಎರಡೂ ಧಾರೆಗಳು ಬಂದವು. ಇಂಗ್ಲೆಂಡಿನಿಂದ ಬಂದ ಮಿಷನರಿ ವಿಲಿಯಂ ಕೇರಿ ಬ್ಯಾಪ್ಟಿಸ್ಟರು. 1800ರ ಡಿಸೆಂಬರ್ 28ರಂದು ಹೂಗ್ಲಿ ನದಿಯಲ್ಲಿ ಅವರು ಕೃಷ್ಣ ಪಾಲ್ ಎಂಬ ಬಡಗಿಗೂ ತಮ್ಮ ಸ್ವಂತ ಮಗ ಫೆಲಿಕ್ಸ್‌ಗೂ ಒಟ್ಟಿಗೆ ದೀಕ್ಷಾಸ್ನಾನ ಕೊಟ್ಟರು. ಮಿಷನರಿಯ ಮಗನಾದರೂ ತಾನೇ ನಂಬಿ ಬರಬೇಕು ಎಂಬುದು ಅಲ್ಲಿ ಎದ್ದು ಕಾಣುತ್ತದೆ. 1812ರಲ್ಲಿ ಅಮೆರಿಕದಿಂದ ಬಂದ ಅಡೊನಿರಾಮ್ ಜಡ್ಸನ್, ಬಂಗಾಳದಲ್ಲಿ ಕೇರಿ ಇದ್ದ ಸೇರಾಂಪುರದ ಬ್ಯಾಪ್ಟಿಸ್ಟರಿಗೆ ಉತ್ತರ ಕೊಡಲೆಂದು ಹಡಗಿನಲ್ಲೇ ಈ ವಿಷಯ ಓದತೊಡಗಿದರು. ಓದಿ ತಾವೇ ಮನಸ್ಸು ಬದಲಿಸಿ ಕಲ್ಕತ್ತೆಯಲ್ಲಿ ಮುಳುಗಿ ದೀಕ್ಷಾಸ್ನಾನ ಪಡೆದರು, ಕಳಿಸಿದ ಸಂಸ್ಥೆಯ ನಂಟು ಕಳೆದುಕೊಂಡರು. ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್ ಮಾತ್ರ ಲೂಥರನ್-ರಿಫಾರ್ಮ್ಡ್ ಧಾರೆಯದು. ತಂದೆ ತಾಯಿ ಸಭೆಗೆ ಸೇರಿದರೆ ಮಕ್ಕಳಿಗೂ ದೀಕ್ಷಾಸ್ನಾನ. 1947ರಲ್ಲಿ ಸಿಎಸ್‌ಐ ಕೂಡಿದಾಗ ಅದರಲ್ಲಿ ಬ್ಯಾಪ್ಟಿಸ್ಟರು ಇರಲಿಲ್ಲ. ಹಾಗಾಗಿ ದಕ್ಷಿಣದಲ್ಲಿ ಈ ಎರಡು ಪದ್ಧತಿಗಳನ್ನು ಒಂದೇ ಸೂರಿನಡಿ ಹೊಂದಿಸುವ ಕೆಲಸವೇ ಆಗ ಬೀಳಲಿಲ್ಲ.

ಬಾಸೆಲ್ ಊರಿನವರೇ ಆದ ಕಾರ್ಲ್ ಬಾರ್ತ್, 20ನೇ ಶತಮಾನದ ಬಹು ದೊಡ್ಡ ರಿಫಾರ್ಮ್ಡ್ ಪಂಡಿತರು, 1943ರಲ್ಲಿ ತಮ್ಮ ಸಭೆಯ ರೂಢಿಯನ್ನೇ ಕಟುವಾಗಿ ಟೀಕಿಸಿದರು. ಕೂಸಿಗೆ ಕೇಳದೆ ಕೊಡುವ ದೀಕ್ಷಾಸ್ನಾನ ಸರಿಯಾದ ಕ್ರಮವಲ್ಲ ಅಂದರು. ಆದರೂ ಅದು ದೀಕ್ಷಾಸ್ನಾನವೇ, ಪಡೆದವರಿಗೆ ಮತ್ತೆ ಕೊಡಬಾರದು ಅಂತಲೂ ಅಂದರು. ನಾನು ಒಪ್ಪುವುದು ಈ ನಿಲುವನ್ನು. ಕಾಯುವ ತಂದೆ ತಾಯಿಯನ್ನು ಮಗುವಿನ ಆತ್ಮದ ಚಿಂತೆ ಇಲ್ಲದವರು ಅನ್ನುವುದು ತಪ್ಪು. ಆಗಿಹೋದ ದೀಕ್ಷಾಸ್ನಾನವನ್ನು ಅಳಿಸಿ ಬಾ ಅಂತ ಒಬ್ಬ ವಿಶ್ವಾಸಿಯನ್ನು ಕೇಳುವುದೂ ತಪ್ಪು. 1982ರಲ್ಲಿ ಪೆರುವಿನ ಲಿಮಾದಲ್ಲಿ ಸಭೆಗಳ ವಿಶ್ವ ಮಂಡಳಿಯ ಆಯೋಗ ಒಪ್ಪಿದ ದಾಖಲೆ ಕೂಡ ದೀಕ್ಷಾಸ್ನಾನ ಒಮ್ಮೆ ಮಾತ್ರ ಅನ್ನುತ್ತದೆ.

ಅದಕ್ಕೂ ಮೊದಲೇ ಇದನ್ನು ಬದುಕಿ ನೋಡಲು ಹೊರಟವರು ಉತ್ತರ ಭಾರತದ ಸಭೆಗಳು. 1970ರ ನವೆಂಬರ್ 29ರಂದು ನಾಗಪುರದಲ್ಲಿ ಆರು ಸಭೆಗಳು ಕೂಡಿ ಸಿಎನ್‌ಐ (ಚರ್ಚ್ ಆಫ್ ನಾರ್ತ್ ಇಂಡಿಯಾ) ಆಯಿತು. ಕೂಸಿಗೆ ದೀಕ್ಷಾಸ್ನಾನ ಕೊಡುವ ಆಂಗ್ಲಿಕನರು (ಇಂಗ್ಲೆಂಡಿನ ಸಭೆಯ ಧಾರೆಯವರು) ಇದ್ದರು, ಬ್ಯಾಪ್ಟಿಸ್ಟರೂ ಇದ್ದರು. ಅಲ್ಲಿ ತಂದೆ ತಾಯಿ ಕೂಸಿಗೆ ದೀಕ್ಷಾಸ್ನಾನ ಕೊಡಿಸಬಹುದು, ಮುಂದೆ ಮಗು ತನ್ನ ಬಾಯಿಂದ ನಂಬಿಕೆ ಹೇಳುತ್ತದೆ. ಅಥವಾ ಕೂಸನ್ನು ಸಮರ್ಪಿಸಿ ಕಾಯಬಹುದು, ಮುಂದೆ ಮಗು ತಾನೇ ದೀಕ್ಷಾಸ್ನಾನ ಕೇಳುತ್ತದೆ. ಕೂಸಿಗೆ ಕೊಡಲು ಮನಸ್ಸಾಕ್ಷಿ ಒಪ್ಪದ ಪಾಸ್ಟರನ್ನು ಒತ್ತಾಯ ಮಾಡುವಂತಿಲ್ಲ. ಇದು ಪುಕ್ಕಟೆ ಸಿಕ್ಕಿದ್ದಲ್ಲ. ಕೂಸಾಗಿದ್ದಾಗ ದೀಕ್ಷಾಸ್ನಾನ ಪಡೆದವರನ್ನೂ ಪೂರ್ತಿ ಸದಸ್ಯರೆಂದು ಬ್ಯಾಪ್ಟಿಸ್ಟರು ಒಪ್ಪಬೇಕಾಯಿತು. ಕಾಯುವವರನ್ನೂ ಸರಿಯಾದ ಸಭೆಯೇ ಅಂತ ಆಂಗ್ಲಿಕನರು ಒಪ್ಪಬೇಕಾಯಿತು. ಈಶಾನ್ಯ ಭಾರತದ ದೊಡ್ಡ ಬ್ಯಾಪ್ಟಿಸ್ಟ್ ಸಭೆಗಳು ಸೇರದೆ ಹೊರಗೇ ಉಳಿದವು. ಕೇರಿಯ ಮಿಷನ್ನಿನಿಂದ ಬೆಳೆದ ಬಂಗಾಳದ ಸಭೆಗಳಲ್ಲಿ ಹಲವು ಒಳಗೆ ಬಂದವು.