ಗುಳಿಗಿನೋ ಮಾತೋ: ಖಿನ್ನತೆಯ ಚಿಕಿತ್ಸೆಯಲ್ಲಿ ರೋಗಿಯ ಇಷ್ಟ

ಧಾರವಾಡದಲ್ಲಿ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುತ್ತಿದ್ದೇನೆ. ಖಿನ್ನತೆ ಇದ್ದವರಿಗೆ ಯಾವ ಚಿಕಿತ್ಸೆ ಇಷ್ಟ ಎಂದು ಹೇಗೆ ಕೇಳಿ ತಿಳಿಯಬೇಕು ಎಂಬ ಪಾಠ ಮೂರು ಸಲ ಓದಿದ ಮೇಲೆ ತಲೆಗೆ ಹತ್ತಿತು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಖಿನ್ನತೆಗೆ ಇರುವ ಚಿಕಿತ್ಸೆಗಳು: ಗುಳಿಗೆ, ಸಿಬಿಟಿಯಂಥ (ಯೋಚನೆ, ನಡವಳಿಕೆಯ ರೀತಿಯನ್ನು ಬದಲಿಸಲು ಕಲಿಸುವ) ಮಾತಿನ ಚಿಕಿತ್ಸೆ, ಇಲ್ಲಾ ಎರಡೂ. ಖಿನ್ನತೆ ಸೌಮ್ಯವಾಗಿದ್ದರೆ ಆರಿಸಿಕೊಳ್ಳಲು ಜಾಗ ಜಾಸ್ತಿ. ತೀವ್ರವಾಗಿದ್ದರೆ ಎರಡನ್ನೂ ಕೂಡಿಸಿ ಕೊಡುತ್ತಾರೆ. ಸಾಯುವ ಯೋಚನೆ ಇದೆ ಎಂದರೆ ಅವತ್ತೇ ವೈದ್ಯರ ಹತ್ತಿರ, ಉಳಿದ ಮಾತು ಆಮೇಲೆ.

ನಾನು ಎಡವಿದ್ದು ಇಲ್ಲಿ. 2013ರಲ್ಲಿ 34 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ನಾಲ್ಕರಲ್ಲಿ ಮೂರು ಪಾಲು ಜನ ಗುಳಿಗೆಗಿಂತ ಮಾತಿನ ಚಿಕಿತ್ಸೆಯೇ ಬೇಕು ಅಂದಿದ್ದರು. ಹಾಗಾದರೆ ನಮ್ಮ ಕಡೆ ಇಷ್ಟು ಜನ ಗುಳಿಗೆ ಕೇಳುವುದೇಕೆ? ಅವರಿಗೆ ಅದೇ ಇಷ್ಟ ಅಂದುಕೊಂಡಿದ್ದೆ.

ನವಲಗುಂದದ ಕಡೆಯ ಒಬ್ಬ ಹೆಣ್ಣುಮಗಳನ್ನು ಊಹಿಸಿಕೊಳ್ಳಿ. ಹತ್ತಿ ಬಿಡಿಸುವ ಕೂಲಿ. "ಗುಳಿಗಿ ಕೊಟ್ಟಬಿಡ್ರಿ ಅಕ್ಕಾರ, ಸಾಕು" ಅನ್ನುತ್ತಾಳೆ. ಇದು ಇಷ್ಟವೋ, ಅನಿವಾರ್ಯವೋ? ಮಾತಿನ ಚಿಕಿತ್ಸೆಗೆ ವಾರವಾರ ಬರಬೇಕು. ಪ್ರತಿ ಸಲ ಒಂದು ದಿನದ ಕೂಲಿ ಹೋಗುತ್ತದೆ, ಬಸ್ ಖರ್ಚು ಬೇರೆ. ಅದಕ್ಕೆ ಹೀಗೆ ಕೇಳಬೇಕು: "ಬಸ್ಸಿನ ರೊಕ್ಕ, ಕೂಲಿ ಚಿಂತಿ ಇಲ್ಲಾಂದ್ರ ಯಾವ್ದು ಬೇಕಂತೀರಿ?" ಉತ್ತರ ಬದಲಾಯಿತೋ, ಮೊದಲು ಹೇಳಿದ್ದು ಇಷ್ಟವಲ್ಲ, ಅಡ್ಡಿ. ಅಡ್ಡಿಯನ್ನು ಸರಿಸುವುದು ನಮ್ಮ ಕೆಲಸ. ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಸೌಲಭ್ಯ ಇದೆಯಾ ನೋಡಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಕೊಡಬೇಕು. ಅದು ಉಚಿತ, ರಾತ್ರಿಯೂ ಸಿಗುತ್ತದೆ. ಉತ್ತರ ಬದಲಾಗದಿದ್ದರೆ ಅವಳಿಗೆ ಗುಳಿಗೆಯೇ ಇಷ್ಟ. ಅದನ್ನು ಗೌರವಿಸಬೇಕು, ಅಲ್ವಾ?

ಇದರದೇ ಇನ್ನೊಂದು ಮಗ್ಗಲು, ಕೆಲವರು ಹೇಳುವುದು: "ಗುಳಿಗಿ ಬ್ಯಾಡ್ರಿ, ಚಟಾ ಆಗತೈತಿ." ಇದು ಭಯ. ಖಿನ್ನತೆಯ ಗುಳಿಗೆಗಳು ಸಾರಾಯಿಯಂತೆ ಚಟ ಹಿಡಿಸುವುದಿಲ್ಲ. ಆದರೆ ಒಮ್ಮೆಲೇ ಬಿಡಬಾರದು, ವೈದ್ಯರನ್ನು ಕೇಳಿ ನಿಧಾನ ಕಡಿಮೆ ಮಾಡಬೇಕು. ಮೊದಲ ದಿನಗಳಲ್ಲಿ ವಾಕರಿಕೆ ಬರಬಹುದು. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಇಷ್ಟನ್ನೂ ಹೇಳಿದ ಮೇಲೆ ಮತ್ತೆ ಕೇಳಿ. ಎರಡನೇ ಸಲ ಬರುವ ಉತ್ತರವನ್ನೇ ಬರೆದುಕೊಳ್ಳಿ. ತಮಗೆ ಬೇಕಾದ ಚಿಕಿತ್ಸೆ ಸಿಕ್ಕವರು ಅರ್ಧಕ್ಕೆ ಬಿಟ್ಟುಹೋಗುವುದು ಕಡಿಮೆ.

ಕಾನೂನು ಚಿಕ್ಕದಾಗಿ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಸೆಕ್ಷನ್ 5ರ ಪ್ರಕಾರ, ತನಗೆ ಎಂಥ ಚಿಕಿತ್ಸೆ ಬೇಕು, ಎಂಥದ್ದು ಬೇಡ ಎಂದು ವಯಸ್ಕರು ಮುಂಚೆಯೇ ಬರೆದಿಡಬಹುದು.

ಇನ್ನೊಂದು. ನಮ್ಮ ಕಡೆ ಹೆಣ್ಣುಮಗಳಿಗೆ ಪ್ರಶ್ನೆ ಕೇಳಿದರೆ ಗಂಡನೋ ಅತ್ತೆಯೋ ಉತ್ತರ ಕೊಡುತ್ತಾರೆ. ಅವರಿಗೂ ಕಾಳಜಿ ಇರುತ್ತದೆ, ಕೇಳಿಸಿಕೊಳ್ಳಿ. ಆಮೇಲೆ ಅವರನ್ನು ಹೊರಗೆ ಕೂರಿಸಿ, ಅವಳೊಬ್ಬಳನ್ನೇ ಇನ್ನೊಮ್ಮೆ ಕೇಳಿ.