ಮೇ ತಿಂಗಳ ಮಲೆನಾಡು: ಹಸಿ ಮರಳಿನ ಚಿಟ್ಟೆ, ಮರದ ಮೇಲಿನ ಸೀತಾಳೆ ದಂಡೆ

ಮಲೆನಾಡಿನಲ್ಲಿ ಚಿಟ್ಟೆ ಹೆಚ್ಚು ಕಾಣುವುದು ಮಳೆಗಾಲ ಮುಗಿದ ಮೇಲೆ. ಆದರೆ ಚಿಟ್ಟೆಯನ್ನೂ ಕಾಡು ಆರ್ಕಿಡ್ಡನ್ನೂ ಒಂದೇ ನಡಿಗೆಯಲ್ಲಿ ನೋಡಬೇಕೆಂದರೆ ಕೃತ್ತಿಕೆ, ರೋಹಿಣಿ ಮಳೆಯ ಹೊತ್ತಿಗೆ, ಅಂದರೆ ಮೇ ಎರಡನೇ ವಾರದಿಂದ ಜೂನ್ ಮೊದಲ ವಾರದೊಳಗೆ, ತೀರ್ಥಹಳ್ಳಿ, ಶಿರಸಿ ಅಥವಾ ಮೂಡಿಗೆರೆ ಕಡೆ ಹೋಗಬೇಕು. ಹಳ್ಳಗಳು ಬತ್ತಿರುತ್ತವೆ. ಆಗ ಎರಡನ್ನೂ ಹುಡುಕುವ ದಾರಿ ಒಂದೇ: ತೇವ ಎಲ್ಲಿ ಉಳಿದಿದೆ ಎಂದು ನೋಡುವುದು.

ನಸುಕಿನಲ್ಲೇ ಹೊರಡಬೇಕಿಲ್ಲ, ಎಂಟೂವರೆ ಸಾಕು. ಎದೆಯ ಸ್ನಾಯು ಸುಮಾರು 30 ಡಿಗ್ರಿ ಸೆಲ್ಸಿಯಸ್‌ಗೆ ಕಾಯದೆ ಬಹುಪಾಲು ಚಿಟ್ಟೆಗಳಿಗೆ ಸಲೀಸಾಗಿ ಹಾರಲಾಗದು; ಎಳೆಬಿಸಿಲಿಗೆ ರೆಕ್ಕೆ ಹರಡಿ ಕೂತಿರುವಾಗಲೇ ಹತ್ತಿರದಿಂದ ನೋಡಬೇಕು. ತಂಡದಲ್ಲಿ ಎಂಟು ಜನರಿಗಿಂತ ಹೆಚ್ಚು ಬೇಡ. ಮೂರು ಗಂಟೆಯಲ್ಲಿ ಎರಡು ಕಿಲೋಮೀಟರ್ ನಡೆದರೆ ಅದೇ ಜಾಸ್ತಿ. ದುರ್ಬೀನು 8 ಪಟ್ಟು ಹಿಗ್ಗಿಸುವಂಥದ್ದಿರಲಿ, ಎರಡು ಮೀಟರ್ ದೂರದಲ್ಲಿರುವುದೂ ಅದರಲ್ಲಿ ಸ್ಪಷ್ಟವಾಗಿ ಕಾಣಬೇಕು. ಹಕ್ಕಿ ನೋಡಲೆಂದು ಕೊಂಡ ಅನೇಕ ದುರ್ಬೀನುಗಳು ಇಲ್ಲೇ ಕೈಕೊಡುತ್ತವೆ.

ಹತ್ತು ಗಂಟೆಯ ನಂತರ ಹಳ್ಳದ ಪಾತ್ರಕ್ಕೆ ಇಳಿಯಿರಿ. ಹಸಿ ಮರಳಿನ ಮೇಲೆ ಬ್ಲೂಬಾಟಲ್, ಕಾಮನ್ ಜೇ, ಆಲ್ಬಟ್ರಾಸ್ ಚಿಟ್ಟೆಗಳು ಗುಂಪುಗೂಡಿ ಹೀರುತ್ತಿರುತ್ತವೆ, ಬಹುತೇಕ ಎಲ್ಲವೂ ಗಂಡು. ಅವಕ್ಕೆ ನೀರಿಗಿಂತ ಹೆಚ್ಚಾಗಿ ಬೇಕಿರುವುದು ಅದರಲ್ಲಿ ಕರಗಿದ ಸೋಡಿಯಂ. ಹುಳುವಾಗಿದ್ದಾಗ ತಿಂದ ಎಲೆಯಲ್ಲೂ ಈಗ ಹೀರುವ ಮಕರಂದದಲ್ಲೂ ಅದು ತೀರ ಕಡಿಮೆ. ಮಿಲನದ ವೇಳೆ ಗಂಡು ಇದರ ಒಂದು ಪಾಲನ್ನು ಹೆಣ್ಣಿಗೆ ದಾಟಿಸುತ್ತದೆ, ಅಲ್ಲಿಂದ ಮೊಟ್ಟೆಗೆ ಸೇರುತ್ತದೆ. ಬ್ಲೂಬಾಟಲ್ ಒಂದನ್ನು ಹಿಂದಿನಿಂದ ಗಮನಿಸಿ: ಸೊಂಡಿಲು ಮರಳಿನಲ್ಲಿರುವಾಗಲೇ ಹೊಟ್ಟೆಯ ತುದಿಯಿಂದ ಹನಿಹನಿಯಾಗಿ ನೀರು ಚಿಮ್ಮುತ್ತಿರುತ್ತದೆ. ಲವಣ ಒಳಗೆ ಉಳಿಯುತ್ತದೆ, ನೀರು ಹೊರಗೆ ಹೋಗುತ್ತದೆ. ಬಗ್ಗಿ, ಸೂರ್ಯನಿಗೆ ಮುಖಮಾಡಿ, ನಿಧಾನವಾಗಿ ಸಮೀಪಿಸಿ. ನಿಮ್ಮ ನೆರಳು ಬಿದ್ದರೆ ಇಡೀ ಗುಂಪು ಏಳುತ್ತದೆ. ಅಲ್ಲಾಡದೆ ನಿಂತರೆ ಮತ್ತೆ ಇಳಿಯುವುದೂ ಉಂಟು.

ಆರ್ಕಿಡ್ಡಿಗಾಗಿ ಹೂ ಹುಡುಕಬೇಡಿ, ತೊಗಟೆ ನೋಡಿ. ಮತ್ತಿ, ಹಲಸು, ಹಳೆಯ ಮಾವಿನ ಒರಟು ತೊಗಟೆಯ ಬಿರುಕುಗಳಲ್ಲಿ ತೇವ ನಿಲ್ಲುತ್ತದೆ, ಧೂಳಿನಷ್ಟು ಸಣ್ಣ ಬೀಜವೂ ಸಿಕ್ಕಿಕೊಳ್ಳುತ್ತದೆ. ಆ ಬೀಜದಲ್ಲಿ ಆಹಾರದ ದಾಸ್ತಾನೇ ಇಲ್ಲ. ತಕ್ಕ ಶಿಲೀಂಧ್ರವೊಂದು ಒಳಹೊಕ್ಕು ಉಣಿಸಿದರೆ ಮಾತ್ರ ಗಿಡವಾಗುತ್ತದೆ. ಈ ಕಾಲದ ರಾಣಿ ಸೀತಾಳೆ ದಂಡೆ. ಬಿಳಿಯ ಮೇಲೆ ನೇರಳೆ ಚುಕ್ಕೆಯ ನೂರಕ್ಕೂ ಹೆಚ್ಚು ಹೂಗಳು ಒತ್ತೊತ್ತಾಗಿ ಒಂದೇ ಗೊಂಚಲಿನಲ್ಲಿ ಇಳಿಬಿದ್ದಿರುತ್ತವೆ. ಅಸ್ಸಾಮಿನ ರಾಜ್ಯಪುಷ್ಪವೂ ಇದೇ, ಅಲ್ಲಿ ಬಿಹು ಹಬ್ಬದಲ್ಲಿ ಹೆಣ್ಣುಮಕ್ಕಳು ಮುಡಿಯುತ್ತಾರೆ.

ತೋಟದವರು ಇದನ್ನು ಬಂದಳಿಕೆ ಎಂದುಕೊಂಡು ಕಿತ್ತೆಸೆಯುವುದು ನೋವಿನ ಸಂಗತಿ. ಬಂದಳಿಕೆ ಕೊಂಬೆಯೊಳಕ್ಕೆ ಬೇರಿಳಿಸಿ ಮರದ ನೀರನ್ನೇ ಕುಡಿಯುತ್ತದೆ. ಸೀತಾಳೆ ತೊಗಟೆಯನ್ನು ಹಿಡಿದುಕೊಳ್ಳುವುದಷ್ಟೇ. ಕೈಗೆಟುಕುವ ಗಿಡವಿದ್ದರೆ ಬೂದುಬಿಳಿ ಬೇರಿನ ಮೇಲೆ ನಾಲ್ಕು ಹನಿ ನೀರು ಬಿಡಿ. ನೋಡನೋಡುತ್ತಿದ್ದಂತೆ ಬೇರು ಹಸಿರಾಗುತ್ತದೆ. ಹೊರಗವಚದ ಸತ್ತ ಜೀವಕೋಶಗಳಲ್ಲಿ ಗಾಳಿಯ ಜಾಗಕ್ಕೆ ನೀರು ತುಂಬಿ, ಒಳಗಿನ ಪತ್ರಹರಿತ್ತು ಕಾಣತೊಡಗುತ್ತದೆ. ಮಂಜು, ಮಳೆಹನಿಯಿಂದಲೇ ಅದರ ಬದುಕು.

ಎಚ್ಚರಿಕೆಯ ಮಾತು ಉಣುಗಿನದು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದ, ಅದೂ ಹೆಚ್ಚಾಗಿ ಡಿಸೆಂಬರಿನಿಂದ ಮೇವರೆಗೆ. ಮಂಗ ಸತ್ತ ಸುದ್ದಿಯಿರುವ ಕಾಡಿಗೆ ಹೋಗಲೇಬೇಡಿ. ತರಗೆಲೆಯ ಮೇಲೆ ಕೂರಬಾರದು, ಪ್ಯಾಂಟಿನ ಅಂಚು ಕಾಲುಚೀಲದೊಳಗಿರಲಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ, ಆದರೆ ಆ ಕೈಯಲ್ಲಿ ಚಿಟ್ಟೆಯನ್ನಾಗಲಿ ಹುಳುವನ್ನಾಗಲಿ ಮುಟ್ಟಬೇಡಿ. ಮರಳಿದ ಕೂಡಲೇ ಬಿಸಿನೀರಿನಲ್ಲಿ ಮಿಂದು ಬಟ್ಟೆ ಒಗೆಯಿರಿ. ಮೀಸಲು ಅರಣ್ಯಕ್ಕೆ ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆದಿರಬೇಕು.

ಗಿಡ ಕಿತ್ತು ತರುವ ಮಾತೇ ಇಲ್ಲ. ತೋಟದಲ್ಲಿ ಗಾಳಿಗೆ ಕೊಂಬೆ ಮುರಿದು ಸೀತಾಳೆ ನೆಲಕ್ಕೆ ಬಿದ್ದಿದ್ದರೆ ಮಾಲೀಕರನ್ನು ಕೇಳಿ, ಅಲ್ಲೇ ಹತ್ತಿರದ ಒರಟು ತೊಗಟೆಯ ಮರಕ್ಕೆ ತೆಂಗಿನ ನಾರಿನಿಂದ ಕಟ್ಟಿ. ಬೇರು ತೊಗಟೆಗೆ ತಾಗಿರಬೇಕು, ಸುಳಿಯಲ್ಲಿ ನೀರು ನಿಲ್ಲದಂತೆ ಗಿಡ ಓರೆಯಾಗಿರಬೇಕು. ಬುಡಕ್ಕೆ ಮಣ್ಣು ಮೆತ್ತಿದರೆ ಗಾಳಿಯಾಡದೆ ಬೇರು ಕೊಳೆಯುತ್ತದೆ. ಮುಂಗಾರು ಹಿಡಿಯುವ ಮುನ್ನ ಕಟ್ಟಿದರೆ ಮಳೆಗಾಲದಲ್ಲಿ ಹೊಸ ಬೇರು ತೊಗಟೆಯನ್ನು ಹಿಡಿಯುತ್ತದೆ.