ಜಡ್‌ಪಿ ಮೆಂಬರ್ರು ಎಲ್ಲಿ ಹೋದರು?

ನಮ್ಮೂರ ಶಾಲೆಯ ನಾಲ್ಕನೇ ಕ್ಲಾಸಿನ ಕೋಣೆಯಲ್ಲಿ ಒಂದು ನೀಲಿ ಬಕೆಟ್ ಇದೆ. ಮಳೆ ಬಂದಾಗ ಅದು ಮೂಲೆಯಿಂದ ಎದ್ದು ಕರಿಹಲಗೆಯ ಕೆಳಕ್ಕೆ ಬರುತ್ತದೆ. ಜೋರು ಮಳೆಯಾದರೆ ಬಕೆಟ್ ಅಲ್ಲೇ ಇರುತ್ತದೆ, ಮಕ್ಕಳು ಐದನೇ ಕ್ಲಾಸಿಗೆ ಹೋಗಿ ಒತ್ತಿಕೊಂಡು ಕೂರುತ್ತಾರೆ. ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟ ತಾಲ್ಲೂಕಿನ ಊರು ನಮ್ಮದು. ಮಳೆಯೇ ಕಡಿಮೆ. ಹಾಗಾಗಿ ವರ್ಷದಲ್ಲಿ ಬಕೆಟ್‌ಗೆ ಕೆಲಸ ಇರೋದು ಕೆಲವೇ ದಿನ. 2021ರ ನವೆಂಬರ್ ಮಾತ್ರ ಬೇರೆ ಥರ ಇತ್ತು. ಆ ತಿಂಗಳು ಕೋಲಾರ, ಚಿಕ್ಕಬಳ್ಳಾಪುರ ಎರಡೂ ಜಿಲ್ಲೆಗಳಲ್ಲಿ ಎಷ್ಟೋ ವರ್ಷ ಒಣಗಿದ್ದ ಕೆರೆಗಳು ಕೋಡಿ ಹರಿದವು. ಜನ ಕೋಡಿ ನೋಡೋಕೆ ಹೋಗಿ ಫೋಟೊ ತೆಗೆಸಿಕೊಂಡರು. ನಮ್ಮ ಶಾಲೆಯ ಚಾವಣಿ ಕೆಟ್ಟಿದ್ದೂ ಆಗಲೇ.

ನಾನು ಆಗ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ. ಅರ್ಜಿ ಹಿಡಿದು ಹೊರಟೆ. ಒಂದು ಕಚೇರಿಯಲ್ಲಿ ಎಂಜಿನಿಯರ್ ಎಸ್ಟಿಮೇಟ್ ಬೇಕು ಅಂದರು. ಎಂಜಿನಿಯರ್ ಹತ್ತಿರ ಹೋದರೆ, ಮೊದಲು ಆ್ಯಕ್ಷನ್ ಪ್ಲಾನ್‌ಗೆ, ಅಂದರೆ ವರ್ಷದ ಕಾಮಗಾರಿಗಳ ಪಟ್ಟಿಗೆ, ಸೇರಬೇಕು ಅಂದರು. ಆ್ಯಕ್ಷನ್ ಪ್ಲಾನ್ ಎಲ್ಲಿ ಪಾಸಾಗುತ್ತೆ? ಜಿಲ್ಲಾ ಪಂಚಾಯಿತಿಯಲ್ಲಿ, ಅಂದರೆ ಜಡ್‌ಪಿಯಲ್ಲಿ. ಅಲ್ಲಿ ನಮ್ಮ ಕಡೆಯಿಂದ ಕೇಳೋರು ಯಾರು? ಯಾರೂ ಇಲ್ಲ. ಆ ವರ್ಷದ ಬೇಸಿಗೆಯಲ್ಲೇ ಮೆಂಬರುಗಳ ಅವಧಿ ಮುಗಿದಿತ್ತು. ಎಲ್ಲ ಕಡೆ ಮರ್ಯಾದೆಯಿಂದಲೇ ಮಾತಾಡಿಸಿದರು, ಒಂದು ಕಡೆ ಟೀ ಕೂಡ ಕೊಡಿಸಿದರು. ಚಾವಣಿ ಮಾತ್ರ ಹಾಗೇ ಉಳಿಯಿತು.

ಅದಕ್ಕೆ ಮುಂಚೆ ನಮ್ಮ ಕ್ಷೇತ್ರಕ್ಕೊಬ್ಬರು ಮೆಂಬರ್ ಇದ್ದರು. ರೇಷ್ಮೆಗೂಡಿನ ಮಾರ್ಕೆಟ್ ಹತ್ತಿರದ ಹೋಟೆಲಿನಲ್ಲಿ ಬೆಳಗ್ಗೆ ಸಿಗುತ್ತಿದ್ದರು. ಅರ್ಜಿ ಕನ್ನಡದಲ್ಲಿ, ಮಾತು ತೆಲುಗಲ್ಲಿ, ಜಗಳ ಎರಡರಲ್ಲೂ. ನಮ್ಮ ಕಡೆ ಅದು ಹಾಗೇ. ಹೇಳಿದ್ದೆಲ್ಲ ಮಾಡಿಕೊಡುತ್ತಿದ್ದರು ಅಂತಲ್ಲ. ಅರ್ಧ ಮಾತು ಸುಳ್ಳೇ ಇರುತ್ತಿತ್ತು. ಆದರೆ ಸುಳ್ಳು ಹೇಳೋಕಾದರೂ ನಮ್ಮ ಮುಂದೆ ನಿಲ್ಲಬೇಕಿತ್ತು ಅಲ್ವಾ?

ಕರ್ನಾಟಕದಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ಕೊನೆಯ ಬಾರಿ ವೋಟು ಹಾಕಿದ್ದು 2016ರ ಫೆಬ್ರವರಿಯಲ್ಲಿ. ಐದು ವರ್ಷ 2021ಕ್ಕೆ ಮುಗಿಯಿತು. 2025 ಕಳೆದರೂ ಮತ್ತೆ ಚುನಾವಣೆ ಆಗಿರಲಿಲ್ಲ. ಚಿಕ್ಕಬಳ್ಳಾಪುರದ ಕಥೆ ಇನ್ನೂ ವಿಚಿತ್ರ. ಕೋಲಾರದಿಂದ ಬೇರೆಯಾಗಿ ಜಿಲ್ಲೆ ಆಗಿದ್ದು 2007ರಲ್ಲಿ. ಅಂದರೆ ಈ ಜಿಲ್ಲೆ ತನ್ನದೇ ಜಿಲ್ಲಾ ಪಂಚಾಯಿತಿಗೆ ಸಾರ್ವತ್ರಿಕ ಚುನಾವಣೆ ಕಂಡಿರೋದು ಎರಡೇ ಸಲ, 2010ರ ಡಿಸೆಂಬರ್ ಮತ್ತು 2016ರ ಫೆಬ್ರವರಿ. 1998ರ ಜನವರಿ 1 ಕಳೆದ ಮೇಲೆ ಹುಟ್ಟಿದವರಿಗೆ 2016ರಲ್ಲಿ ವೋಟು ಇರಲಿಲ್ಲ. ಅವರಲ್ಲಿ ಎಷ್ಟೋ ಜನಕ್ಕೆ ಈಗ ಮದುವೆಯಾಗಿದೆ, ಮಕ್ಕಳು ಅಂಗನವಾಡಿಗೆ ಹೋಗುತ್ತಿವೆ. ಜಡ್‌ಪಿಗೆ ವೋಟು ಹಾಕೋದು ಅಂದರೆ ಏನು ಅಂತ ಅವರಿಗೆ ಗೊತ್ತೇ ಇಲ್ಲ.

ಇಂಥ ಗ್ಯಾಪು ಇದೇ ಮೊದಲಲ್ಲ. ಸ್ವಲ್ಪ ಹಿಂದಿನಿಂದ ಹೇಳಬೇಕು. 1959ರ ಪಂಚಾಯಿತಿ ಕಾಯ್ದೆಯಲ್ಲಿ ಗ್ರಾಮ ಪಂಚಾಯಿತಿ ಇತ್ತು, ತಾಲ್ಲೂಕು ಅಭಿವೃದ್ಧಿ ಮಂಡಳಿ ಇತ್ತು. ಹಳಬರು ಈಗಲೂ ಅದನ್ನು ‘ತಾಲ್ಲೂಕ್ ಬೋರ್ಡ್’ ಅನ್ನುತ್ತಾರೆ. ಜಿಲ್ಲಾ ಮಟ್ಟದಲ್ಲಿದ್ದ ಪರಿಷತ್ತಿಗೆ ಜಿಲ್ಲಾಧಿಕಾರಿಯೇ ಅಧ್ಯಕ್ಷ, ಅದರ ಕೆಲಸ ಬರೀ ಸಲಹೆ ಕೊಡೋದು. ಜಿಲ್ಲೆ ಅಂದರೆ ಡಿಸಿ, ಅಷ್ಟೇ.

ಅದನ್ನು ತಲೆಕೆಳಗು ಮಾಡಿದ್ದು ರಾಮಕೃಷ್ಣ ಹೆಗಡೆಯವರ ಸರ್ಕಾರ. ಮಾಡಿಸಿದ್ದು ಗ್ರಾಮೀಣಾಭಿವೃದ್ಧಿ ಮಂತ್ರಿ ಅಬ್ದುಲ್ ನಜೀರ್ ಸಾಬ್. ಬರಗಾಲದಲ್ಲಿ ಊರೂರಿಗೆ ಬೋರ್‌ವೆಲ್ ಹಾಕಿಸಿದ್ದಕ್ಕೆ ಜನ ಅವರನ್ನು ‘ನೀರ್ ಸಾಬ್’ ಅಂದರು. (ಆ ಕಾಲದ ಕೈಪಂಪುಗಳು ನಮ್ಮ ಜಿಲ್ಲೆಯಲ್ಲಿ ಈಗ ದನ ಕಟ್ಟೋಕೆ ಮಾತ್ರ ಉಪಯೋಗ. ನೀರು ಪಾತಾಳ ಸೇರಿದೆ.) 1983ರಲ್ಲಿ ವಿಧಾನಮಂಡಲ ಪಾಸು ಮಾಡಿದ ಮಸೂದೆಗೆ ರಾಷ್ಟ್ರಪತಿಗಳ ಅಂಕಿತ ಸಿಗಲು 1985 ಆಯಿತು. 1987ರ ಜನವರಿಯಲ್ಲಿ ಚುನಾವಣೆ. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ ಬಂದವು. ಹೆಂಗಸರಿಗೆ ನೂರಕ್ಕೆ 25 ಸ್ಥಾನ ಮೀಸಲು. ಪಂಚಾಯಿತಿಗಳನ್ನು ಇಡೀ ದೇಶಕ್ಕೆ ಕಡ್ಡಾಯ ಮಾಡುವ ಸಂವಿಧಾನದ 73ನೇ ತಿದ್ದುಪಡಿ ಬರೋಕೆ ಇನ್ನೂ ಐದಾರು ವರ್ಷ ಇತ್ತು.

ಆ ವ್ಯವಸ್ಥೆಯಲ್ಲಿ ನನಗೆ ಇಷ್ಟವಾಗೋದು ಒಂದು ಸಣ್ಣ ವಿಷಯ. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಕೊಟ್ಟರು. ಅವರ ಕೈಕೆಳಗೆ ಕೆಲಸ ಮಾಡುವ ಐಎಎಸ್ ಅಧಿಕಾರಿಗೆ ಮುಖ್ಯ ಕಾರ್ಯದರ್ಶಿ ಅಂತ ಹೆಸರು, ಸರ್ವಿಸ್‌ನಲ್ಲಿ ಅವರು ಡಿಸಿಗಿಂತ ಸೀನಿಯರ್. ಕಾರು, ಕುರ್ಚಿ, ದರ್ಜೆ ನೋಡಿ ನಮಸ್ಕಾರ ಹೊಡೆಯುವ ನಾಡಿದು. ನಜೀರ್ ಸಾಬ್ ಅದನ್ನೇ ಹಿಡಿದು ಆಟ ಆಡಿದರು. ಪ್ರಾಥಮಿಕ ಶಾಲೆ, ಆಸ್ಪತ್ರೆ, ಕುಡಿಯುವ ನೀರು ಜಿಲ್ಲಾ ಪರಿಷತ್ತಿನ ಕೈಗೆ ಬಂತು. ಮೇಷ್ಟ್ರು ಶಾಲೆಗೆ ಬರಲಿಲ್ಲ ಅಂದರೆ ಬೆಂಗಳೂರಿಗೆ ಹೋಗಬೇಕಿಲ್ಲ, ಕೋಲಾರದಲ್ಲೇ ಕೇಳಬಹುದು ಅನ್ನುವ ಹಾಗಾಯಿತು.

ನಜೀರ್ ಸಾಬ್ 1988ರಲ್ಲಿ ತೀರಿಕೊಂಡರು. 1992ರಲ್ಲಿ ಆ ಸಂಸ್ಥೆಗಳ ಅವಧಿ ಮುಗಿಯಿತು. ಸರ್ಕಾರ ಬೇರೆ ಆಗಿತ್ತು. ಚುನಾವಣೆ ಬದಲು ಆಡಳಿತಾಧಿಕಾರಿಗಳು ಬಂದರು. ಹೊಸ ಕಾಯ್ದೆ 1993ರಲ್ಲಿ ಬಂತು, ಅದೇ ವರ್ಷದ ಕೊನೆಗೆ ಗ್ರಾಮ ಪಂಚಾಯಿತಿಗಳಿಗೆ ಚುನಾವಣೆ ಆಯಿತು. ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳಿಗೆ ಆಗಿದ್ದು 1995ರಲ್ಲಿ. ಮೂರು ವರ್ಷದ ಗ್ಯಾಪು. ಆಗ ಅದನ್ನು ದೊಡ್ಡ ಅನ್ಯಾಯ ಅಂದರು. ಈಗಿನದಕ್ಕೆ ಹೋಲಿಸಿದರೆ ಅದು ಚಿಕ್ಕದು.

73ನೇ ತಿದ್ದುಪಡಿ ಇಂಥ ಆಟ ನಿಲ್ಲಿಸೋಕೇ ಬಂದಿದ್ದು. ಸಂವಿಧಾನದ 243ಇ ವಿಧಿ ಸ್ಪಷ್ಟವಾಗಿದೆ. ಪಂಚಾಯಿತಿಗೆ ಐದು ವರ್ಷ, ಅದಕ್ಕಿಂತ ಜಾಸ್ತಿ ಇಲ್ಲ. ಅವಧಿ ಮುಗಿಯುವ ಮೊದಲೇ ಮುಂದಿನ ಚುನಾವಣೆ ಮುಗಿದಿರಬೇಕು. ಚುನಾವಣೆ ನಡೆಸೋಕೆ ರಾಜ್ಯ ಚುನಾವಣಾ ಆಯೋಗ ಅಂತ ಬೇರೆ ಸಂಸ್ಥೆಯನ್ನೇ ಕೊಟ್ಟರು. ಹಾಗಿದ್ದ ಮೇಲೆ ಇಷ್ಟು ವರ್ಷ ನಿಂತಿದ್ದು ಹೇಗೆ?

ಮೊದಲ ಕಾರಣ ಕೊರೊನಾ. 2021ರ ಮೇ ತಿಂಗಳಲ್ಲಿ ಅದನ್ನು ಯಾರೂ ತಪ್ಪು ಅನ್ನುವ ಹಾಗಿರಲಿಲ್ಲ. ಸೋಂಕು ಇಳಿಯುವ ಹೊತ್ತಿಗೆ ಎರಡನೇ ಕಾರಣ ರೆಡಿ ಇತ್ತು. ಚುನಾವಣಾ ಆಯೋಗ ಕ್ಷೇತ್ರಗಳ ವಿಂಗಡಣೆ ಮಾಡಿ ಪಟ್ಟಿ ಇಟ್ಟುಕೊಂಡಿತ್ತು. ಸರ್ಕಾರ ಅದೇ ವರ್ಷ ಕಾಯ್ದೆಗೆ ತಿದ್ದುಪಡಿ ತಂದು, ವಿಂಗಡಣೆ ಮತ್ತು ಮೀಸಲಾತಿ ನಿಗದಿ ಮಾಡುವ ಅಧಿಕಾರವನ್ನು ಆಯೋಗದ ಕೈಯಿಂದ ವಾಪಸ್ ತೆಗೆದುಕೊಂಡಿತು. ಅದಕ್ಕೇ ಅಂತ ಬೇರೆ ಸೀಮಾ ನಿರ್ಣಯ ಆಯೋಗ ಮಾಡಿತು. ಆಗಿದ್ದ ಕೆಲಸ ಮತ್ತೆ ಮೊದಲಿಂದ ಶುರು. ಚುನಾವಣಾ ಆಯೋಗ ಹೈಕೋರ್ಟಿಗೆ ಹೋಯಿತು.

ಮೂರನೇದು ಹಿಂದುಳಿದ ವರ್ಗಗಳ ಮೀಸಲಾತಿ. ಇದು ನೆಪ ಅಂತ ಸುಮ್ನೆ ತಳ್ಳಿಹಾಕೋಕೆ ಆಗಲ್ಲ. 2010ರಲ್ಲೇ ಸುಪ್ರೀಂ ಕೋರ್ಟ್ ಒಂದು ಮಾತು ಹೇಳಿತ್ತು. ಶಾಲೆ, ಕೆಲಸದಲ್ಲಿ ಹಿಂದುಳಿದಿರೋದು ಬೇರೆ, ರಾಜಕೀಯದಲ್ಲಿ ಹಿಂದುಳಿದಿರೋದು ಬೇರೆ, ಅದನ್ನು ಬೇರೆಯಾಗಿಯೇ ಅಳೆಯಬೇಕು ಅಂತ. 2021ರ ಮಾರ್ಚ್‌ನಲ್ಲಿ ಮಹಾರಾಷ್ಟ್ರದ ಕೇಸಿನಲ್ಲಿ ಮೂರು ಷರತ್ತು ಹಾಕಿತು: ಇದಕ್ಕೇ ಆದ ಆಯೋಗ ಅಧ್ಯಯನ ಮಾಡಬೇಕು, ಪ್ರತಿ ಸ್ಥಳೀಯ ಸಂಸ್ಥೆಗೂ ಎಷ್ಟು ಮೀಸಲಾತಿ ಅಂತ ಆಧಾರ ಕೊಡಬೇಕು, ಎಲ್ಲ ಸೇರಿ ಶೇ 50 ದಾಟಬಾರದು. ಕರ್ನಾಟಕ 2022ರಲ್ಲಿ ನ್ಯಾಯಮೂರ್ತಿ ಕೆ. ಭಕ್ತವತ್ಸಲ ಆಯೋಗ ಮಾಡಿತು. ಅದೇ ವರ್ಷ ಜುಲೈನಲ್ಲಿ ವರದಿ ಬಂತು, ಹಿಂದುಳಿದ ವರ್ಗಗಳಿಗೆ ಶೇ 33 ಕೊಡಬಹುದು ಅಂತ. ಅಂದರೆ ಮನಸ್ಸು ಮಾಡಿದರೆ ಕೆಲವೇ ತಿಂಗಳ ಕೆಲಸ. ಇನ್ನೊಂದು ವಿಷಯ ಇದೆ. 2022ರ ಮೇ ತಿಂಗಳಲ್ಲಿ ಮಧ್ಯಪ್ರದೇಶದ ಕೇಸಿನಲ್ಲಿ ಸುಪ್ರೀಂ ಕೋರ್ಟ್, ವಿಂಗಡಣೆ ಆಗಿಲ್ಲ, ಮೀಸಲಾತಿ ಲೆಕ್ಕ ಆಗಿಲ್ಲ ಅಂತ ಚುನಾವಣೆ ಮುಂದಕ್ಕೆ ಹಾಕೋ ಹಾಗಿಲ್ಲ ಅಂತಲೂ ಹೇಳಿತ್ತು. ಆ ಭಾಗವನ್ನು ನಮ್ಮಲ್ಲಿ ಯಾರೂ ಜೋರಾಗಿ ಓದಲಿಲ್ಲ.

2022ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ತಾಳ್ಮೆ ಕಳೆದುಕೊಂಡು ರಾಜ್ಯ ಸರ್ಕಾರಕ್ಕೆ 5 ಲಕ್ಷ ರೂಪಾಯಿ ದಂಡ ಹಾಕಿತು. ಸರ್ಕಾರಕ್ಕೆ 5 ಲಕ್ಷ! ನಮ್ಮ ಚಾವಣಿಗೆ ಕೊಟ್ಟಿದ್ದರೆ ಸಾಕಾಗಿ ಉಳಿಯುತ್ತಿತ್ತು. 2023ರ ಮೇನಲ್ಲಿ ಸರ್ಕಾರ ಬದಲಾಯಿತು. ವಿರೋಧ ಪಕ್ಷದಲ್ಲಿದ್ದವರು ಆಡಳಿತಕ್ಕೆ ಬಂದರು, ಆಡಳಿತದಲ್ಲಿದ್ದವರು ‘ಚುನಾವಣೆ ಯಾವಾಗ’ ಅಂತ ಕೇಳುವ ಕಡೆಗೆ ಹೋದರು. ಬದಲಾಗಿದ್ದು ಅಷ್ಟೇ.

ಕಾಗದದ ಮೇಲಿನ ಕಾರಣಗಳು ಇವು. ಟೀ ಅಂಗಡಿಯಲ್ಲಿ ಹೇಳುವ ಕಾರಣ ಬೇರೆ. ಜಡ್‌ಪಿ ಮೆಂಬರ್ ಅಂದರೆ ಮುಂದಿನ ಎಂಎಲ್ಎ ಟಿಕೆಟ್ ಆಕಾಂಕ್ಷಿ. ಹತ್ತಾರು ಹಳ್ಳಿ ಓಡಾಡಿ, ರಸ್ತೆ ಮಾಡಿಸಿ, ಶಾಲೆ ಕಾಂಪೌಂಡ್ ಕಟ್ಟಿಸಿ ಹೆಸರು ಮಾಡಿಕೊಂಡವನು ಐದು ವರ್ಷಕ್ಕೆ ಎದುರು ನಿಲ್ಲುತ್ತಾನೆ. ಯಾವ ಪಕ್ಷದ ಶಾಸಕನಿಗೆ ತಾನೇ ಇದು ಬೇಕು? ನನಗೂ ಇದೇ ನಿಜವಾದ ಕಾರಣ ಅನ್ನಿಸುತ್ತದೆ. ಕೋರ್ಟು, ಕೊರೊನಾ, ಗಡಿ ಗುರುತು ಎಲ್ಲವೂ ಒಂದಾದ ಮೇಲೊಂದು ಸಿಕ್ಕ ಅನುಕೂಲ.

ಕುರ್ಚಿ ಖಾಲಿ ಇದ್ದರೂ ಕೆಲಸ ನಿಲ್ಲಲಿಲ್ಲ. ಇದೇ ಈ ಕಥೆಯಲ್ಲಿ ಎಲ್ಲರನ್ನೂ ಏಮಾರಿಸಿದ ಭಾಗ. ಹಿರಿಯ ಅಧಿಕಾರಿಗಳು ಆಡಳಿತಾಧಿಕಾರಿಗಳಾದರು. ಸಿಇಒ (ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ) ಇದ್ದಾರೆ, ಸಹಿ ಬೀಳುತ್ತದೆ, ಮೇಷ್ಟ್ರಿಗೆ ಸಂಬಳ ಆಗುತ್ತದೆ, ಬಿಸಿಯೂಟ ಬೇಯುತ್ತದೆ. ಒಂದು ದಿನವಾದರೂ ಬಾಗಿಲು ಮುಚ್ಚಿದ್ದರೆ ಜನ ಬೀದಿಗೆ ಬರುತ್ತಿದ್ದರೇನೋ.

ಸ್ವಲ್ಪ ಹತ್ತಿರ ಹೋಗಿ ನೋಡಿದರೆ ಬೇರೆ ಕಾಣುತ್ತದೆ. ಕಾಯ್ದೆ ಪ್ರಕಾರ ಜಿಲ್ಲಾ ಪಂಚಾಯಿತಿಯಲ್ಲಿ ಶಿಕ್ಷಣ ಮತ್ತು ಆರೋಗ್ಯ ಸ್ಥಾಯಿ ಸಮಿತಿ ಇರಬೇಕು. ಮೆಂಬರುಗಳೇ ಅದರಲ್ಲಿ ಕೂತು, ಯಾವ ಶಾಲೆಗೆ ಕೋಣೆ, ಎಲ್ಲಿ ಮೇಷ್ಟ್ರಿಲ್ಲ ಅಂತ ಇಲಾಖೆಯವರನ್ನು ಕೇಳಬೇಕು. ಮೆಂಬರಿಲ್ಲದೆ ಸಮಿತಿ ಎಲ್ಲಿಂದ ಬರುತ್ತೆ? ಕೇಳುವವರೂ ಅಧಿಕಾರಿ, ಉತ್ತರ ಕೊಡುವವರೂ ಅಧಿಕಾರಿ. ಎಸ್‌ಡಿಎಂಸಿ ಅಂತ ನಾವಿದ್ದೇವೆ ನಿಜ. ತಿಪಟೂರಿನಲ್ಲಿ ಹುಟ್ಟಿದ ವಿಜ್ಞಾನಿ ರಾಜಾ ರಾಮಣ್ಣ ಅವರ ನೇತೃತ್ವದ ಶಿಕ್ಷಣ ಕಾರ್ಯಪಡೆ ಹೇಳಿದ ಮೇಲೆ 2001ರ ಏಪ್ರಿಲ್‌ನಲ್ಲಿ ಸರ್ಕಾರ ಈ ಸಮಿತಿಗಳನ್ನು ಮಾಡಿತು. ಆಮೇಲೆ ಶಿಕ್ಷಣ ಹಕ್ಕು ಕಾಯ್ದೆ, ಇಂಥ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ತಂದೆತಾಯಿಯರೇ ಇರಬೇಕು ಅಂತು. ಆದರೆ ನಮ್ಮ ಕೈ ಮುಟ್ಟೋದು ಶಾಲೆಯ ಗೇಟಿನವರೆಗೆ ಮಾತ್ರ. ಜೊತೆಗೆ ನಮ್ಮ ಸದಸ್ಯರಲ್ಲಿ ಜಾಸ್ತಿ ಜನ ರೇಷ್ಮೆ ಹುಳು ಸಾಕುವವರು, ದ್ರಾಕ್ಷಿ ತೋಟದ ಕೂಲಿಯವರು. ಹುಳ ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಮೇಲೆ ಮೀಟಿಂಗ್ ಕರೆದರೆ ಯಾರೂ ಬರಲ್ಲ, ಸೊಪ್ಪು ಹಾಕೋರ್ಯಾರು?

ಕೂಲಿಯ ವಿಷಯದಲ್ಲೂ ಅಷ್ಟೇ. ನಮ್ಮ ಕಡೆಗೆ ಉದ್ಯೋಗ ಖಾತ್ರಿ ಬಂದಿದ್ದು 2008ರಲ್ಲಿ. ಆ ಕಾನೂನಿನಲ್ಲಿ ಯೋಜನೆ ಕೆಳಗಿಂದ ಮೇಲಕ್ಕೆ ಹೋಗಬೇಕಿತ್ತು. ಗ್ರಾಮಸಭೆ, ಗ್ರಾಮ ಪಂಚಾಯಿತಿ, ತಾಲ್ಲೂಕು, ಕೊನೆಗೆ ಜಿಲ್ಲಾ ಪಂಚಾಯಿತಿ ಒಪ್ಪಬೇಕಿತ್ತು. 2021ರಿಂದ ಮೇಲಿನ ಎರಡು ಮೆಟ್ಟಿಲಲ್ಲಿ ಚುನಾಯಿತರಿಲ್ಲ, ತಾಲ್ಲೂಕಿನ ಇಒ (ಕಾರ್ಯನಿರ್ವಾಹಕ ಅಧಿಕಾರಿ) ಮತ್ತು ಜಿಲ್ಲೆಯ ಸಿಇಒ ಸಹಿ ಮಾತ್ರ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಆ ಕಾನೂನಿನ ಜಾಗಕ್ಕೆ ಹೊಸ ಕಾಯ್ದೆ ತಂದಿತು. 100 ದಿನ ಇದ್ದದ್ದು 125 ದಿನ. ಖರ್ಚಿನಲ್ಲಿ ಕೇಂದ್ರ 60, ರಾಜ್ಯ 40. ಬಿತ್ತನೆ, ಕೊಯ್ಲಿನ ಕಾಲದಲ್ಲಿ 60 ದಿನ ಕೆಲಸ ನಿಲ್ಲಿಸಬಹುದು. ರಾಗಿ ಕೊಯ್ಲಿಗೂ ರೇಷ್ಮೆಗೂ ದ್ರಾಕ್ಷಿಗೂ ಕಾಲ ಬೇರೆ ಬೇರೆ. ನಮ್ಮ ಜಿಲ್ಲೆಗೆ ಯಾವ 60 ದಿನ ಸರಿ ಅನ್ನೋದನ್ನು ಕೂತು ಜಗಳ ಆಡಬೇಕಾದ ಸಭೆಯೇ ಇಲ್ಲ.

ದುಡ್ಡಿನ ನಷ್ಟ ಬೇರೆ. 15ನೇ ಹಣಕಾಸು ಆಯೋಗದ ಅನುದಾನ ಚುನಾಯಿತ ಸಂಸ್ಥೆಗೆ ಮಾತ್ರ. ಚುನಾವಣೆ ಆಗದ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಪಾಲಿಗೆ ತಡೆ ಬಿತ್ತು. ಇತ್ತ 2020ರ ಡಿಸೆಂಬರ್‌ನಲ್ಲಿ ಗೆದ್ದ ಗ್ರಾಮ ಪಂಚಾಯಿತಿಗಳ ಐದು ವರ್ಷವೂ 2026ರ ಶುರುವಿಗೆ ಮುಗಿಯುವ ಲೆಕ್ಕ.

ಹೋದ ವಾರ ಹಳೇ ಮೆಂಬರ್ ಅದೇ ಹೋಟೆಲಿನಲ್ಲಿ ಸಿಕ್ಕರು. ಗೂಡಿನ ರೇಟು ವಿಚಾರಿಸಿದರು. ನಾನು ಚಾವಣಿ ಮಾತು ತೆಗೆದೆ. ‘ಇನ್ನೂ ಆಗಿಲ್ವಾ?’ ಅಂದರು. ಮೀಸಲಾತಿ ಪಟ್ಟಿ ಬಂದರೆ ಈ ಸಲ ನಮ್ಮ ಕ್ಷೇತ್ರ ಮಹಿಳೆಗೆ ಹೋಗಬಹುದು, ಹೆಂಡತೀನ ನಿಲ್ಲಿಸ್ತೀನಿ ಅಂದರು. ಅವರು ನಿಲ್ಲೋಕೆ ಒಪ್ಪಿದ್ದಾರಾ ಅಂತ ಕೇಳಿದೆ. ‘ಇನ್ನೂ ಕೇಳಿಲ್ಲಪ್ಪ, ಮೊದಲು ಪಟ್ಟಿ ಬರಲಿ’ ಅಂತ ನಕ್ಕು, ಟೀ ದುಡ್ಡು ಅವರೇ ಕೊಟ್ಟು ಬೈಕ್ ಹತ್ತಿದರು.